‘ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂಬ ಉತ್ತರವನ್ನು ನಾವು ಒಪ್ಪಬಾರದು

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳೇ,

ನೀವು ಕಾಸರಗೋಡಿನವರಿರಲಿ, ತಾಳವಾಡಿಯವರಿರಲಿ, ಜತ್ತ-ಅಕ್ಕಲಕೋಟೆಯವರಿರಲಿ, ಆದೋನಿ-ಮಡಕಶಿರೆಯ ಕಡೆಯವರಿರಲಿ, ಈ ಕೆಲವು ವರ್ಷಗಳಲ್ಲಿ ಒಂದು ವಾಕ್ಯವನ್ನು ಖಂಡಿತ ಕೇಳಿರುತ್ತೀರಿ: ‘ಕಂಪ್ಯೂಟರ್ ಒಪ್ಪುತ್ತಿಲ್ಲ.’ ಮಗುವಿನ ಹೆಸರು ತಪ್ಪಾಗಿದೆ ಎಂದಾಗ ಈ ಉತ್ತರ, ಕಲಿಕೆಯ ಮಾಧ್ಯಮ ಬೇರೆಯಾಗಿ ನಮೂದಾಗಿದೆ ಎಂದಾಗ ಈ ಉತ್ತರ, ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒತ್ತಕ್ಷರಗಳು ಕಳಚಿ ಬಿದ್ದಿವೆ ಎಂದಾಗಲೂ ಇದೇ ಉತ್ತರ.

ಹಿಂದೆ ನಮ್ಮ ಭಾಷೆಗೆ ‘ಇಲ್ಲ’ ಎನ್ನುತ್ತಿದ್ದವನಿಗೆ ಒಂದು ಮುಖವಿತ್ತು, ಒಂದು ಹುದ್ದೆಯಿತ್ತು, ಒಂದು ಸಹಿಯಿತ್ತು. ಆ ಆದೇಶವನ್ನು ಹಿಡಿದುಕೊಂಡು ಮೇಲಧಿಕಾರಿಯ ಬಳಿಗೆ ಹೋಗಬಹುದಿತ್ತು, ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು. ಇಂದಿನ ‘ಇಲ್ಲ’ಕ್ಕೆ ಮುಖವಿಲ್ಲ. ಅದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಮೂಡುತ್ತದೆ, ಗುಮಾಸ್ತರು ಕೈಚೆಲ್ಲುತ್ತಾರೆ, ನಾವು ವಿಧಿಯೆಂದುಕೊಂಡು ಬಸ್ಸು ಹತ್ತುತ್ತೇವೆ. ಈ ಮೌನಸಮ್ಮತಿಯ ವಿರುದ್ಧವೇ ನನ್ನ ಈ ಬರಹ. ಕಂಪ್ಯೂಟರಿಗೆ ಒಪ್ಪುವ ಅಥವಾ ಒಪ್ಪದಿರುವ ಸ್ವಂತ ಬುದ್ಧಿಯಿಲ್ಲ. ಯಾರೋ ಬರೆದ ತಂತ್ರಾಂಶ ಅದರೊಳಗಿದೆ. ಆ ತಂತ್ರಾಂಶವನ್ನು ಕನ್ನಡದಲ್ಲಿ ಯಾರೂ ಪರೀಕ್ಷಿಸದೆ ಬಳಕೆಗೆ ಬಿಟ್ಟಿದ್ದರೆ, ‘ಒಪ್ಪುತ್ತಿಲ್ಲ’ ಎಂಬುದರ ನಿಜವಾದ ಅರ್ಥ ‘ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ’ ಎಂದೇ.

ತಂತ್ರಾಂಶದ ಗುಣಮಟ್ಟವನ್ನು ಖಚಿತಪಡಿಸುವ ಶಾಸ್ತ್ರ ಇಂದು ನಿನ್ನೆಯದಲ್ಲ. ಅದರಲ್ಲಿ ವೆರಿಫಿಕೇಶನ್, ವ್ಯಾಲಿಡೇಶನ್, ಟೆಸ್ಟಿಂಗ್ ಎಂಬ ಮೂರು ಮಾತುಗಳಿವೆ. ಇವುಗಳಿಗೆ ಹೆದರಬೇಕಾಗಿಲ್ಲ, ಮಗುವಿನ ಸಮವಸ್ತ್ರ ಹೊಲಿಸಿದ ಪ್ರತಿಯೊಬ್ಬ ತಾಯಿಗೂ ಇವು ಗೊತ್ತು. ಅಳತೆಚೀಟಿಯಲ್ಲಿ ಬರೆದಂತೆಯೇ ದರ್ಜಿ ಹೊಲಿದಿದ್ದಾನೆಯೇ ಎಂದು ಟೇಪು ಹಿಡಿದು ನೋಡುವುದು ವೆರಿಫಿಕೇಶನ್. ಆ ಅಂಗಿ ಮಗುವಿನ ಮೈಗೆ ಕೂರುತ್ತದೆಯೇ, ಶಾಲೆಯಲ್ಲಿ ಅದನ್ನು ಒಪ್ಪುತ್ತಾರೆಯೇ ಎಂದು ನೋಡುವುದು ವ್ಯಾಲಿಡೇಶನ್. ತೊಡಿಸಿ, ಕೈ ಎತ್ತಿಸಿ, ಬಗ್ಗಿಸಿ, ಹೊಲಿಗೆ ಎಲ್ಲಿ ಬಿಡುತ್ತದೆ ಎಂದು ಹುಡುಕುವುದು ಟೆಸ್ಟಿಂಗ್. ಅಮೆರಿಕದ ತಂತ್ರಾಂಶ ವಿಜ್ಞಾನಿ ಬ್ಯಾರಿ ಬೋಮ್ ಮೊದಲೆರಡರ ಭೇದವನ್ನು ಎರಡು ಪ್ರಶ್ನೆಗಳಾಗಿ ವಿಂಗಡಿಸಿ ಹೇಳಿದರು: ವಸ್ತುವನ್ನು ಸರಿಯಾಗಿ ಕಟ್ಟಿದ್ದೇವೆಯೇ ಎಂಬುದೊಂದು, ಕಟ್ಟಬೇಕಾಗಿದ್ದ ವಸ್ತುವನ್ನೇ ಕಟ್ಟಿದ್ದೇವೆಯೇ ಎಂಬುದು ಮತ್ತೊಂದು.

ನಮ್ಮ ಪಾಲಿಗೆ ಈ ಭೇದವೇ ಜೀವಾಳ. ಅಳತೆಚೀಟಿಯಲ್ಲೇ ನಮ್ಮ ಮಗುವಿನ ಅಳತೆ ಇಲ್ಲದಿದ್ದರೆ ದರ್ಜಿಯ ಹೊಲಿಗೆ ಎಷ್ಟು ನೇರವಾಗಿದ್ದರೇನು? ಇಲಾಖೆಯ ಬೇಡಿಕೆಪಟ್ಟಿಯಲ್ಲಿ ಕನ್ನಡದ ಪ್ರಸ್ತಾಪವೇ ಇಲ್ಲದಿದ್ದರೆ, ಆ ಪಟ್ಟಿಯಂತೆ ಕಟ್ಟಿದ ತಂತ್ರಾಂಶ ಮೊದಲ ಪರಿಶೀಲನೆಯಲ್ಲಿ ಶೇಕಡಾ ನೂರು ಅಂಕ ಪಡೆದು, ನಮ್ಮ ಮಕ್ಕಳ ಮುಂದೆ ಪೂರ್ತಿ ಫೇಲಾಗುತ್ತದೆ. ಆಗ ಗುತ್ತಿಗೆದಾರನೂ ಸುಳ್ಳು ಹೇಳುತ್ತಿಲ್ಲ, ಅಧಿಕಾರಿಯೂ ಸುಳ್ಳು ಹೇಳುತ್ತಿಲ್ಲ. ಅನ್ಯಾಯ ಮಾತ್ರ ನಡೆದೇ ಹೋಗಿರುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ನಿಜ. ಆದರೆ ಆ ಮಾತು ಒಂದೇ ಪಾತ್ರೆಯಲ್ಲಿ ಬೆಂದ ಅನ್ನಕ್ಕೆ ಮಾತ್ರ ಸಲ್ಲುತ್ತದೆ. ತಂತ್ರಾಂಶ ಪರೀಕ್ಷೆಯ ಮೂಲಪಾಠವೂ ಇದೇ: ಒಂದೇ ಬಗೆಯಾಗಿ ವರ್ತಿಸುವ ದತ್ತಾಂಶಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಒಂದು ಮಾದರಿಯನ್ನು ಪರೀಕ್ಷಿಸಬೇಕು. ಮಲಯಾಳದ ಹೆಸರು, ತಮಿಳಿನ ಹೆಸರು, ಮರಾಠಿಯ ಹೆಸರು ಸರಿ ಹೋಯಿತೆಂಬುದು ಕನ್ನಡದ ಹೆಸರು ಸರಿ ಹೋಗುತ್ತದೆ ಎಂಬುದಕ್ಕೆ ಪುರಾವೆಯಲ್ಲ. ನಮ್ಮದು ಬೇರೆ ಒಲೆಯ ಮೇಲಿನ ಬೇರೆ ಪಾತ್ರೆ. ಅಲ್ಲಿಂದ ಒಂದು ಅಗುಳನ್ನೂ ಹಿಸುಕದೆ ಊಟಕ್ಕೆ ಕರೆಯುವುದು ಉಪಚಾರವಲ್ಲ.

ಇದು ಬರಿಯ ಭಾವನೆಯ ಮಾತಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ. ಲಕ್ಷ್ಮೀನಾರಾಯಣ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಮಾನ್ಯವಾಗಿ 15 ಬೈಟ್ ಸಾಕು. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ತೆಗೆದುಕೊಳ್ಳುತ್ತದೆ. ವ್ಯಂಜನ, ವಿರಾಮಚಿಹ್ನೆ, ಸ್ವರಚಿಹ್ನೆ ಎಲ್ಲವೂ ಸೇರಿ ಈ ಹೆಸರಿನಲ್ಲಿ 13 ಸಂಕೇತಗಳಿವೆ; ಒಟ್ಟು 39 ಬೈಟ್. ಇಂಗ್ಲಿಷ್ ಹೆಸರುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು 30 ಬೈಟಿನ ಜಾಗ ಬಿಟ್ಟಿದ್ದರೆ, ನಿಮ್ಮ ಮಗ ‘ಲಕ್ಷ್ಮೀನಾರ’ ಎಂದಾಗಿ ಶಾಲೆಯಿಂದ ಹೊರಬರುತ್ತಾನೆ. ಗಡಿಯಂಚಿನ ಬೆಲೆಗಳನ್ನು ಕೊಟ್ಟು ನೋಡಬೇಕು ಎಂಬುದು ಪರೀಕ್ಷಕರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಗಡಿಯಂಚಿನ ಜನರ ವಿಷಯದಲ್ಲೇ ಆ ಪಾಠ ಮರೆತುಹೋಗುವುದು ವಿಪರ್ಯಾಸ.

ಇನ್ನೊಂದು ಉದಾಹರಣೆ. ‘ಕೇಶವ’ ಎಂಬಲ್ಲಿನ ‘ಕೇ’ಯನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಉಳಿಸಬಹುದು. ಏತ್ವವನ್ನು ಒಂದೇ ಸಂಕೇತವಾಗಿ ಕೊಡುವುದು ಒಂದು ಬಗೆ. ಎತ್ವ, ಆಮೇಲೆ ದೀರ್ಘ ಎಂದು ಎರಡು ಸಂಕೇತಗಳಾಗಿ ಕೊಡುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಯುನಿಕೋಡಿನ ನಿಯಮವೂ ಎರಡನ್ನು ಸಮಾನವೆಂದೇ ಹೇಳುತ್ತದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಮಾಡದಿದ್ದರೆ ದಾಖಲೆಯಲ್ಲಿರುವ ಕೇಶವನನ್ನು ಹುಡುಕಿದಾಗ ‘ಅಂಥ ವಿದ್ಯಾರ್ಥಿ ಇಲ್ಲ’ ಎಂದು ಬರುತ್ತದೆ. ಹುಡುಗ ಎದುರಿಗೆ ನಿಂತಿದ್ದಾನೆ. ಯಂತ್ರದ ಪಾಲಿಗೆ ಅವನಿಲ್ಲ.

ಲಿಪಿಯಿಂದ ಲಿಪಿಗೆ ಹಾರುವಾಗಿನ ನಷ್ಟವಂತೂ ನಮ್ಮದೇ ವಿಶಿಷ್ಟ ಸಂಕಟ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಪ, ಫ, ಬ, ಭಗಳಿಗೂ ಒಂದೇ. ತಾಳವಾಡಿಯ ಗೀತಾ ತಮಿಳಿಗೆ ಹೋಗಿ ಯಾಂತ್ರಿಕವಾಗಿ ಕನ್ನಡಕ್ಕೆ ಮರಳಿದರೆ ‘ಕೀತಾ’ ಆಗಬಹುದು. ಭಾಗ್ಯ ‘ಪಾಕ್ಯಾ’ ಆಗಬಹುದು. ಬಳಕೆಯ ಮರಾಠಿ ಬರಹದಲ್ಲಿ ಎ-ಏ, ಒ-ಓಗಳ ಹ್ರಸ್ವ-ದೀರ್ಘ ಭೇದವಿಲ್ಲ. ಜತ್ತದ ಬೊಮ್ಮಣ್ಣ ಅಲ್ಲಿಗೆ ಹೋಗಿ ಬಂದರೆ ‘ಬೋಮ್ಮಣ್ಣ’ನಾಗುತ್ತಾನೆ. ಇದು ತಮಿಳಿನ ದೋಷವೂ ಅಲ್ಲ, ಮರಾಠಿಯ ದೋಷವೂ ಅಲ್ಲ. ಆ ಭಾಷೆಗಳು ತಮ್ಮ ಮನೆಯಲ್ಲಿ ಸರ್ವಾಂಗಸುಂದರವಾಗಿಯೇ ಇವೆ. ಹೋದ ಹೆಸರು ಹಾಗೆಯೇ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸದೆ, ಕಳೆದುಹೋದದ್ದನ್ನು ಯಂತ್ರವೇ ಊಹಿಸಿ ತುಂಬಲಿ ಎಂದು ಬಿಟ್ಟವರ ದೋಷ ಅದು. ತೆಲುಗು ಮತ್ತು ಮಲಯಾಳ ಲಿಪಿಗಳಲ್ಲಿ ಈ ಧ್ವನಿಭೇದಗಳೆಲ್ಲ ಉಳಿಯುತ್ತವೆ. ಆದರೆ ತೆಲುಗು ಸೀಮೆಯಲ್ಲಿ ಬೇರೊಂದು ಅಪಾಯವಿದೆ: ಎರಡು ಲಿಪಿಗಳು ಅಣ್ಣತಮ್ಮಂದಿರಂತಿರುವುದರಿಂದ, ಕನ್ನಡ ಓದಲು ಬಾರದವರು ಪರದೆಯ ಮೇಲೆ ಕಣ್ಣಾಡಿಸಿ ‘ಕನ್ನಡ ಸರಿಯಾಗಿದೆ’ ಎಂದು ಸಹಿ ಹಾಕಿಬಿಡಬಹುದು. ಭಾಷೆ ಬಲ್ಲವರೇ ನೋಡಬೇಕು. ಆಕಾರ ಬಲ್ಲವರು ನೋಡಿದರೆ ಸಾಲದು.

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರಾದ್ಧಾಂತವೇ?’ ಎನ್ನುವವರಿಗೆ ಒಂದು ಘಟನೆ ನೆನಪಿಸಬೇಕು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದೇ ಅಕ್ಷರಗುಚ್ಛವನ್ನು ಸಂದೇಶವಾಗಿ ಕಳುಹಿಸಿದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಐಒಎಸ್ 11.2.6 ಎಂಬ ತಿದ್ದುಪಡಿ ಬಂದ ಮೇಲೆ ಅದು ಸರಿಹೋಯಿತು. ಜಗತ್ತಿನ ಅತ್ಯಂತ ಶ್ರೀಮಂತ ಕಂಪನಿಗಳಲ್ಲೊಂದು ತಯಾರಿಸಿದ ತಂತ್ರಾಂಶವನ್ನು, ಕೋಟ್ಯಂತರ ಜನರ ಭಾಷೆಯ ಒಂದು ಒತ್ತಕ್ಷರ ಮಂಡಿಯೂರಿಸಿತು. ಹಾಗಿರುವಾಗ ಅತಿ ಕಡಿಮೆ ದರ ಕೂಗಿದವನಿಗೆ ಗುತ್ತಿಗೆ ಕೊಟ್ಟು ಮಾಡಿಸಿದ ಶಾಲಾ ತಂತ್ರಾಂಶ, ಪರೀಕ್ಷೆಯೇ ಇಲ್ಲದೆ, ಕನ್ನಡದ ಒತ್ತಕ್ಷರಗಳನ್ನು ತಾನಾಗಿಯೇ ಸರಿಯಾಗಿ ನಿಭಾಯಿಸುತ್ತದೆ ಎಂದು ನಂಬುವುದು ಹೇಗೆ?

ಪರೀಕ್ಷಾ ಫಲಿತಾಂಶದ ವಿಷಯಕ್ಕೆ ಬಂದರೆ ಇದು ಹೆಸರಿನ ಪ್ರಶ್ನೆಯಾಗಿಯೂ ಉಳಿಯುವುದಿಲ್ಲ. 2019ರ ಏಪ್ರಿಲ್ 18ರಂದು ತೆಲಂಗಾಣದಲ್ಲಿ ಇಂಟರ್ಮೀಡಿಯೇಟ್ ಫಲಿತಾಂಶ ಪ್ರಕಟವಾಯಿತು. 9 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಅನುತ್ತೀರ್ಣರೆಂದು ಬಂತು. ಮೊದಲ ವರ್ಷದಲ್ಲಿ ಉತ್ತಮ ಅಂಕ ಗಳಿಸಿದ್ದ ಒಬ್ಬ ವಿದ್ಯಾರ್ಥಿನಿಗೆ ತೆಲುಗಿನಲ್ಲಿ ಸೊನ್ನೆ ಎಂದು ತೋರಿಸಲಾಗಿತ್ತು; ಮರಳಿ ನೋಡಿದಾಗ ಅದು 99. ಗುರುತು ಹಾಕುವಾಗ ತಪ್ಪಿದ್ದು ಮನುಷ್ಯನ ಕೈ, ಒಪ್ಪೋಣ. ಆದರೆ ಎಲ್ಲ ವಿಷಯಗಳಲ್ಲಿ ಮುಂದಿರುವ ಮಗುವಿಗೆ ಒಂದರಲ್ಲಿ ಮಾತ್ರ ಸೊನ್ನೆ ಬಂದರೆ, ಪ್ರಕಟಿಸುವ ಮೊದಲು ‘ಇದು ಸಂಭವವೇ?’ ಎಂದು ಕೇಳುವ ಒಂದು ತಡೆ ಇರಬೇಡವೇ? ಆ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಜೀವ ಹೋಯಿತು. ಆಮೇಲೆ ಸರ್ಕಾರ ಮೂವರ ಸಮಿತಿಯನ್ನು ನೇಮಿಸಿತು. ಅನುತ್ತೀರ್ಣರಾದ ಎಲ್ಲರ ಪತ್ರಿಕೆಗಳನ್ನೂ ಉಚಿತವಾಗಿ ಮರುಪರಿಶೀಲಿಸಿತು. ಸಾವಿರಕ್ಕೂ ಹೆಚ್ಚು ಮಂದಿ ಉತ್ತೀರ್ಣರೆಂದು ತಿಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಹೊಸ ತಂತ್ರಾಂಶ ಬರುವಾಗ ಹಳೆಯ ಪದ್ಧತಿಯನ್ನೂ ಜೊತೆಗೇ ನಡೆಸಿ ಎರಡರ ಉತ್ತರವನ್ನು ತಾಳೆ ನೋಡಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಮುನ್ನೆಚ್ಚರಿಕೆ. ಅದಕ್ಕೆ ತಗಲುವ ಖರ್ಚನ್ನು ಯಾವ ತಾಯಿಯ ಕಣ್ಣೀರಿನೊಂದಿಗೆ ತೂಗುತ್ತೀರಿ?

ಯಂತ್ರವೇ ಸರಿ, ಮನುಷ್ಯನೇ ಸುಳ್ಳ ಎಂಬ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಬ್ರಿಟನ್ನಿನ ಅಂಚೆ ಇಲಾಖೆ ತೋರಿಸಿಕೊಟ್ಟಿದೆ. ಅಲ್ಲಿ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶ ಇಲ್ಲದ ಕೊರತೆಯನ್ನು ಇದೆಯೆಂದು ತೋರಿಸುತ್ತಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಉಪಅಂಚೆ ಪಾಲಕರು ಕಳ್ಳರೆನಿಸಿಕೊಂಡು ಶಿಕ್ಷೆಗೊಳಗಾದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತದೆ ಎಂದು ನ್ಯಾಯಾಲಯಗಳು ಮೊದಲೇ ಭಾವಿಸಿಕೊಂಡಿದ್ದವು. 2019ರಲ್ಲಿ ಅಲ್ಲಿನ ಹೈಕೋರ್ಟು ಆ ತಂತ್ರಾಂಶದಲ್ಲಿ ದೋಷಗಳಿದ್ದವೆಂದು ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಅವರನ್ನು ದೋಷಮುಕ್ತಗೊಳಿಸಿತು. ಅಷ್ಟರಲ್ಲಿ ಹಲವರು ತೀರಿಹೋಗಿದ್ದರು. ಆಡಳಿತದ ಭಾಷೆಯನ್ನೇ ಮನೆಯಲ್ಲಿ ಆಡುವವರ ಗತಿ ಇದಾದರೆ, ಆಡಳಿತದ ಭಾಷೆಯೂ ಬೇರೆ, ಮನೆಯ ಭಾಷೆಯೂ ಬೇರೆಯಾಗಿರುವ ನಮ್ಮ ಗತಿ ಏನು?

ಈಗ ವಿರೋಧದ ಮಾತುಗಳನ್ನು ಒಂದೊಂದಾಗಿ ಎದುರಿಸೋಣ.

‘ನೀವು ಕೆಲವೇ ಮಂದಿ, ನಿಮಗಾಗಿ ಬೇರೆ ಪರೀಕ್ಷೆ ದುಬಾರಿ’ ಎನ್ನುತ್ತಾರೆ. ಮೇಲೆ ಹೇಳಿದ ದೋಷಗಳನ್ನು ಹಿಡಿಯಲು ಬೇಕಾದದ್ದು ಇಪ್ಪತ್ತು ಕನ್ನಡ ಹೆಸರುಗಳು, ಕನ್ನಡ ಓದಬಲ್ಲ ಒಬ್ಬ ಅಧ್ಯಾಪಕರು, ಒಂದು ಮಧ್ಯಾಹ್ನ. ಇದು ದುಬಾರಿಯಲ್ಲ, ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಇನ್ನು ಸಂಖ್ಯೆಯ ಮಾತು: ಭಾರತದಲ್ಲಿ ಮಾರುವ ಮೊಬೈಲ್ ಫೋನುಗಳು 22 ಭಾಷೆಗಳ ಬರಹವನ್ನು ಓದುವಂತೆ ತೋರಿಸಬೇಕೆಂದು 2016ರ ಭಾರತೀಯ ಮಾನಕ ಐಎಸ್ 16333ರ ಮೂರನೆಯ ಭಾಗ ವಿಧಿಸುತ್ತದೆ. ಅಂಗಡಿಯಲ್ಲಿ ಮಾರುವ ಫೋನಿಗೆ ಈ ನಿಯಮವಿದ್ದು, ಸರ್ಕಾರವೇ ನಡೆಸುವ ಶಾಲೆಯ ದಾಖಲೆಗೆ ಬೇಡವೇ?

‘ಇಂಗ್ಲಿಷಿನಲ್ಲಿ ಬರೆಸಿಬಿಡಿ, ತೊಂದರೆಯೇ ಇಲ್ಲ’ ಎನ್ನುತ್ತಾರೆ. ತೊಂದರೆ ಇಲ್ಲವಾಗುವುದಿಲ್ಲ, ಕಣ್ಮರೆಯಾಗುತ್ತದೆ, ಅಷ್ಟೇ. ಕಲಿಕೆಯ ಮಾಧ್ಯಮದ ಆಯ್ಕೆಪಟ್ಟಿಯನ್ನೇ ನೋಡಿ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕ ಅಧ್ಯಾಪಕ ಹುದ್ದೆಗಳಿಗೆ ಆಧಾರ. ಆ ಲೆಕ್ಕದಲ್ಲಿ ಕನ್ನಡ ಮಾಧ್ಯಮದ ಮಗು ಬೇರೆ ಮಾಧ್ಯಮದ ಖಾನೆಗೆ ಬಿದ್ದರೆ ಕಳೆದುಹೋಗುವುದು ಒಂದು ಕ್ಲಿಕ್ಕಲ್ಲ, ಒಬ್ಬ ಕನ್ನಡ ಅಧ್ಯಾಪಕರ ಹುದ್ದೆ. ಹುದ್ದೆ ಹೋದರೆ ತರಗತಿ ಹೋಯಿತು. ತರಗತಿ ಹೋದರೆ ಶಾಲೆ. ಆಮೇಲೆ ‘ಬೇಡಿಕೆ ಇಲ್ಲ’ ಎಂಬ ವರದಿಯನ್ನು ಅದೇ ಕಂಪ್ಯೂಟರ್ ಮುದ್ರಿಸಿ ಕೊಡುತ್ತದೆ.

‘ಯಂತ್ರಾನುವಾದದಿಂದ ಕನ್ನಡದ ಪುಟವನ್ನೂ ಹಾಕಿದ್ದೇವಲ್ಲ’ ಎನ್ನುವವರೂ ಇದ್ದಾರೆ. ಚಿನ್ನದ ಸೂಜಿಯೆಂದು ಕಣ್ಣು ಚುಚ್ಚಿಕೊಳ್ಳಲಾದೀತೇ? ಕನ್ನಡ ಬಲ್ಲವರೊಬ್ಬರೂ ಓದಿ ನೋಡದ ಕನ್ನಡ, ಅಲಂಕಾರಕ್ಕಿಟ್ಟ ಫಲಕ. ಅದನ್ನು ನಂಬಿ ಅರ್ಜಿಯ ತಪ್ಪು ಕಲಮಿಗೆ ಗುರುತು ಹಾಕಿದ ತಂದೆಗೆ ಆಗುವ ನಷ್ಟ, ಕನ್ನಡವೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು.

ನಮ್ಮವರೇ ಆಡುವ ಮಾತೊಂದಿದೆ: ‘ನಮಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ನಾವೇನು ಕೇಳುವುದು?’ ಎಲ್ಲ ಆಕ್ಷೇಪಗಳಲ್ಲಿ ಇದೇ ನನಗೆ ಹೆಚ್ಚು ನೋವಿನದು. ಅಂಗಿ ಮಗುವಿನ ಮೈಗೆ ಕೂರುತ್ತದೆಯೇ ಎಂದು ಹೇಳಲು ಹೊಲಿಗೆ ಕಲಿತಿರಬೇಕಾಗಿಲ್ಲ. ವ್ಯಾಲಿಡೇಶನ್ನಿನಲ್ಲಿ ಕೊನೆಯ ಮಾತು ಬಳಸುವವರದು, ತಂತ್ರಾಂಶ ಬರೆದವರದಲ್ಲ. ನಿಮ್ಮ ಮಗಳ ಹೆಸರು ಭಾಗೀರಥಿಯೋ ಪಾಕೀರತಿಯೋ ಎಂಬ ವಿಷಯದಲ್ಲಿ ಈ ಭೂಮಿಯ ಮೇಲೆ ನಿಮಗಿಂತ ದೊಡ್ಡ ತಜ್ಞರಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳದೆ ಹೋದರೆ ಪ್ರಾಮಾಣಿಕತೆಯಾಗದು. ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದು, ಇಲ್ಲವೆಂದು ಸಾಧಿಸಲಾಗದು. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನಕ್ಕೂ ಹಿಂದೆಯೇ ಎಚ್ಚರಿಸಿದ್ದು ಇದನ್ನೇ. ಎಷ್ಟೇ ಪರೀಕ್ಷಿಸಿದರೂ ಒಂದಿಷ್ಟು ತಪ್ಪು ಉಳಿದೀತು. ಆದ್ದರಿಂದ ನಮ್ಮ ಬೇಡಿಕೆ ಎರಡು. ಬಳಕೆಗೆ ಮುನ್ನ ಕನ್ನಡದಲ್ಲಿ ಪರೀಕ್ಷೆ ನಡೆಯಬೇಕು. ಬಳಕೆಯ ನಂತರ ತಪ್ಪು ಕಂಡರೆ ಯಂತ್ರವನ್ನು ಮೀರಿ ತಿದ್ದುವ ಅಧಿಕಾರ ಒಬ್ಬ ಮನುಷ್ಯನಿಗೆ, ಹೆಸರು ಗೊತ್ತಿರುವ ಒಬ್ಬ ಅಧಿಕಾರಿಗೆ, ಇರಬೇಕು.

ಇದಕ್ಕೆ ಬೇಕಾದ ಆಯುಧಗಳು ನಮ್ಮ ಕೈಯಲ್ಲೇ ಇವೆ. ಸಂವಿಧಾನದ 350ನೆಯ ವಿಧಿಯಂತೆ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ; 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಕೊಟ್ಟಿದೆ. ಮಗುವನ್ನು ಕನ್ನಡದಲ್ಲಿ ದಾಖಲಿಸಿಕೊಳ್ಳಲಾಗದ ತಂತ್ರಾಂಶ ‘ಸಾಕಷ್ಟು ಸೌಲಭ್ಯ’ ಹೇಗಾದೀತು? 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರೇ ಇರಬೇಕು.

ಹೀಗೆ ಮಾಡಿ. ಶಾಲೆಯ ಇಪ್ಪತ್ತು ಹೆಸರುಗಳ ಪಟ್ಟಿ ಸಿದ್ಧಪಡಿಸಿ: ಒತ್ತಕ್ಷರವಿರುವುದು, ಅರ್ಕಾವೊತ್ತು ಇರುವುದು, ಮಹಾಪ್ರಾಣವಿರುವುದು, ಬಹಳ ಉದ್ದದ್ದು, ಬಹಳ ಗಿಡ್ಡದ್ದು. ಮುಖ್ಯೋಪಾಧ್ಯಾಯರ ಎದುರಿಗೆ ಅವನ್ನು ನಮೂದಿಸಿಸಿ, ಹುಡುಕಿಸಿ, ಮುದ್ರಿಸಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಸಿ. ಮೂಲ ಪಟ್ಟಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ತಪ್ಪು ಕಂಡರೆ ‘ಕನ್ನಡಕ್ಕೆ ಅವಮಾನ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವ ದಿನ, ಯಾವ ಪುಟದಲ್ಲಿ, ಏನನ್ನು ಕೊಟ್ಟಾಗ, ಏನು ಬರಬೇಕಿತ್ತು, ಏನು ಬಂತು ಎಂಬ ಐದು ಸಾಲು ಬರೆದು, ಪರದೆಯ ಚಿತ್ರ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ದೋಷವನ್ನು ಮತ್ತೆ ಮಾಡಿ ತೋರಿಸುವಂತಿದ್ದರೆ ಯಾವ ಗುತ್ತಿಗೆದಾರನೂ ಅಲ್ಲಗಳೆಯಲಾರ.

ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಾಲ್ಕು ಪ್ರಶ್ನೆ ಕೇಳಿ. ಈ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮೊದಲು ಕನ್ನಡದಲ್ಲಿ ಪರೀಕ್ಷೆ ನಡೆಯಿತೇ? ಆ ಪರೀಕ್ಷೆಯ ದಾಖಲೆಯ ಪ್ರತಿ ಎಲ್ಲಿ? ‘ಸರಿಯಾಗಿದೆ’ ಎಂದು ಸಹಿ ಮಾಡಿದವರ ಹುದ್ದೆ ಯಾವುದು? ತಪ್ಪು ತಿದ್ದಲು ಅಧಿಕಾರವಿರುವವರು ಯಾರು? ಗಮನಿಸಿ, ಈ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಉತ್ತರಕ್ಕೆ ಗಡುವು ಸಾಮಾನ್ಯವಾಗಿ 30 ದಿನ. 350ನೆಯ ವಿಧಿಯ ಅಹವಾಲನ್ನು ಮಾತ್ರ ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ.

ನಮ್ಮ ಸಂಘಸಂಸ್ಥೆಗಳಿಗೂ ಒಂದು ಮಾತು. ನವೆಂಬರ್ 1ರಂದು ಧ್ವಜ ಹಾರಿಸುವುದು ಒಳ್ಳೆಯದು, ಹಾರಿಸೋಣ. ಆದರೆ ಧ್ವಜದ ಕೆಳಗೆ ನಿಂತ ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ನೋಡುವ ಕೆಲಸವನ್ನು ನವೆಂಬರ್ 2ರಂದಾದರೂ ಆರಂಭಿಸೋಣ. ಪ್ರತಿ ತಾಲೂಕಿನಲ್ಲಿ ಕನ್ನಡ ಬಲ್ಲ ಇಬ್ಬರು ತಂತ್ರಜ್ಞ ಯುವಕ ಯುವತಿಯರು, ಇಬ್ಬರು ಅಧ್ಯಾಪಕರು, ಇಬ್ಬರು ತಂದೆತಾಯಿಗಳು ಸೇರಿದರೆ ಅದೇ ಒಂದು ಪರೀಕ್ಷಾ ಮಂಡಳಿ.

ಮುಂದಿನ ಬಾರಿ ‘ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂಬ ಉತ್ತರ ಬಂದಾಗ ಜಗಳವಾಡಬೇಡಿ, ದನಿ ಏರಿಸಬೇಡಿ. ಒಂದೇ ಪ್ರಶ್ನೆ ಕೇಳಿ: ‘ಇದನ್ನು ಕನ್ನಡದಲ್ಲಿ ಪರೀಕ್ಷಿಸಿ ನೋಡಿದವರು ಯಾರು?’ ಉತ್ತರ ಬರೆದುಕೊಡುವವರೆಗೂ ಆ ಕುರ್ಚಿಯಿಂದ ಏಳಬೇಡಿ.